ರಾಕ್ ಮತ್ತು ಮೆಟಲ್ ಸಂಗೀತದಲ್ಲಿ ಟಿನ್ ವಿಸಿಲ್ ನುಡಿಸುವ ಬಗೆ

ಟಿನ್ ವಿಸಿಲ್ ಎಂಬ ಆರು ರಂಧ್ರಗಳ ಪುಟ್ಟ ಐರಿಷ್ ಕೊಳಲಿನಲ್ಲಿ ದನಿಯ ಜೋರನ್ನೂ ಶ್ರುತಿಯನ್ನೂ ಬೇರೆಬೇರೆಯಾಗಿ ನಿಯಂತ್ರಿಸಲು ಬರುವುದಿಲ್ಲ. ಉಸಿರನ್ನು ಸ್ವಲ್ಪ ಹೆಚ್ಚಿಸಿದರೆ ಸ್ವರ ಏರುತ್ತದೆ, ಇನ್ನೂ ಹೆಚ್ಚಿಸಿದರೆ ಮೇಲಿನ ಸ್ಥಾಯಿಗೆ ಹಾರುತ್ತದೆ. ಕೆಳಗಿನ ಸ್ಥಾಯಿಯ ಸ್ವರವನ್ನು ಜೋರಾಗಿ ನುಡಿಸುವ ದಾರಿಯೇ ಈ ವಾದ್ಯದಲ್ಲಿಲ್ಲ. ಡಿಸ್ಟಾರ್ಶನ್ (ದನಿಯನ್ನು ಒರಟಾಗಿಸುವ ಪರಿಣಾಮ) ಬಳಸುವ ಗಿಟಾರ್ ಮತ್ತು ಡ್ರಮ್ಸ್‌ಗಳ ನಡುವೆ ವಿಸಿಲ್ ನುಡಿಸಲು ಹೊರಟವರು ಈ ಮಿತಿಯನ್ನು ಮೊದಲು ಒಪ್ಪಿಕೊಳ್ಳಬೇಕು, ಏಕೆಂದರೆ ಯಾವ ವಿಸಿಲ್ ಆರಿಸಬೇಕು, ರಾಗವನ್ನು ಯಾವ ಸ್ಥಾಯಿಯಲ್ಲಿ ಬರೆಯಬೇಕು, ಮೈಕ್ ಎಲ್ಲಿಡಬೇಕು ಎಂಬ ಮುಂದಿನ ತೀರ್ಮಾನಗಳೆಲ್ಲ ಇದರಿಂದಲೇ ಹುಟ್ಟುತ್ತವೆ. ಡಬ್ಲಿನ್‌ನಲ್ಲಿ 1970ರಲ್ಲಿ ಆರಂಭವಾದ ಹಾರ್ಸ್‌ಲಿಪ್ಸ್, ಅದೇ ನಗರದಲ್ಲಿ 1992ರಲ್ಲಿ ಹುಟ್ಟಿದ ಕ್ರೂಅಖನ್, 2002ರಿಂದ ನುಡಿಸುತ್ತಿರುವ ಸ್ವಿಟ್ಜರ್‌ಲೆಂಡಿನ ಎಲುವೈಟಿ ಮುಂತಾದ ತಂಡಗಳು ವಿಸಿಲ್‌ಗೆ ಜಾಗ ಮಾಡಿಕೊಟ್ಟಿರುವ ಬಗೆಯನ್ನು ಗಮನವಿಟ್ಟು ಕೇಳುವುದು ಒಳ್ಳೆಯ ಮೊದಲ ಪಾಠ.

ಮೊದಲ ಕೆಲಸ ಸರಿಯಾದ ಶ್ರುತಿಯ ವಿಸಿಲ್ ಆರಿಸುವುದು. ಹೆಚ್ಚಿನವರ ಬಳಿ ಇರುವುದು ಡಿ ವಿಸಿಲ್. ಆರೂ ರಂಧ್ರ ಮುಚ್ಚಿದರೆ ಅದು ಡಿ ಕೊಡುತ್ತದೆ. ಕೆಳಗಿನಿಂದ ಒಂದೊಂದಾಗಿ ಬೆರಳೆತ್ತಿದರೆ ಇ, ಎಫ್ ಶಾರ್ಪ್, ಜಿ, ಎ, ಬಿ, ಸಿ ಶಾರ್ಪ್ ಬರುತ್ತವೆ. ಮೇಲಿನ ಮೊದಲ ರಂಧ್ರವನ್ನು ತೆರೆದು ಎರಡನೆಯ ಮತ್ತು ಮೂರನೆಯ ರಂಧ್ರಗಳನ್ನು ಮುಚ್ಚಿ, ಉಳಿದ ಮೂರನ್ನು ತೆರೆದಿಟ್ಟರೆ ಸಿ ನ್ಯಾಚುರಲ್ ಸಿಗುತ್ತದೆ. ಹೀಗಾಗಿ ಸಾಮಾನ್ಯ ಟ್ಯೂನಿಂಗ್‌ನ ಗಿಟಾರ್‌ನಲ್ಲಿ ಇ ಮೈನರ್ ರಿಫ್ (ಮತ್ತೆಮತ್ತೆ ಬರುವ ಚಿಕ್ಕ ಸ್ವರಗುಚ್ಛ) ಬಂದಾಗ ಡಿ ವಿಸಿಲ್ ಸಲೀಸಾಗಿ ಹೊಂದುತ್ತದೆ. ಆದರೆ ಮೆಟಲ್ ಗಿಟಾರಿಸ್ಟರು ತಂತಿಗಳನ್ನು ಇಳಿಸಿ ಶ್ರುತಿ ಮಾಡುವುದೇ ಹೆಚ್ಚು. ಆಗ ನೆನಪಿಡಬೇಕಾದ ಲೆಕ್ಕ ಸರಳವಾಗಿದೆ: ರಿಫ್‌ನ ಮೈನರ್ ಆಧಾರ ಸ್ವರಕ್ಕಿಂತ ಎರಡು ಸೆಮಿಟೋನ್ (ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಅತಿ ಚಿಕ್ಕ ಅಂತರ) ಕೆಳಗಿನ ವಿಸಿಲ್ ಅನ್ನಾದರೂ ಮೂರು ಸೆಮಿಟೋನ್ ಮೇಲಿನ ವಿಸಿಲ್ ಅನ್ನಾದರೂ ಕೈಗೆತ್ತಿಕೊಳ್ಳಬಹುದು. ಅತಿ ದಪ್ಪ ತಂತಿಯನ್ನು ಡಿಗೆ ಇಳಿಸಿದ ಡ್ರಾಪ್ ಡಿ ಟ್ಯೂನಿಂಗ್‌ನ ಡಿ ಮೈನರ್‌ಗೆ ಸಿ ಅಥವಾ ಎಫ್ ವಿಸಿಲ್. ಡ್ರಾಪ್ ಸಿ ಟ್ಯೂನಿಂಗ್‌ನ ಸಿ ಮೈನರ್‌ಗೆ ಬಿ ಫ್ಲಾಟ್ ಅಥವಾ ಇ ಫ್ಲಾಟ್. ಬಿ ಮೈನರ್‌ಗಾದರೆ ಮನೆಯಲ್ಲಿರುವ ಡಿ ವಿಸಿಲ್ ಸಾಕು. ಎರಡು ಸೆಮಿಟೋನ್ ಕೆಳಗಿನ ವಿಸಿಲ್ ಹಿಡಿದರೆ ಇ ಮೈನರ್‌ಗೆ ಕಲಿತ ಬೆರಳುಗಳ ಚಲನೆಯೇ ಎಲ್ಲ ಶ್ರುತಿಗಳಿಗೂ ಹೊಂದುತ್ತದೆಯಾದ್ದರಿಂದ ಹೊಸಬರಿಗೆ ನಾನು ಅದನ್ನೇ ಸೂಚಿಸುತ್ತೇನೆ.

ಇಲ್ಲಿ ಒಂದು ಸ್ವರದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಐರಿಷ್ ಜನಪದ ಮಟ್ಟುಗಳಲ್ಲಿ ಬಹಳಷ್ಟು ಡೋರಿಯನ್ ಮೋಡ್‌ನಲ್ಲಿವೆ. ನಮ್ಮ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಅದು ಖರಹರಪ್ರಿಯ ರಾಗದ ಸ್ವರಗಳು. ಅಂಥ ಮಟ್ಟನ್ನು ಇ ಆಧಾರದಲ್ಲಿ ನುಡಿಸಿದಾಗ ಚತುಶ್ರುತಿ ಧೈವತ, ಅಂದರೆ ಸಿ ಶಾರ್ಪ್, ಬರುತ್ತದೆ. ಗಿಟಾರ್ ಮಾತ್ರ ರೂಢಿಯಂತೆ ಇ, ಸಿ, ಜಿ, ಡಿ ಎಂದು ಪವರ್ ಕಾರ್ಡ್‌ಗಳನ್ನು (ಎರಡೇ ಸ್ವರಗಳ ಕಾರ್ಡ್‌ಗಳನ್ನು) ಸಾಗಿಸುತ್ತಿದ್ದರೆ ಅದು ನಟಭೈರವಿಯ ಹಾದಿ, ಶುದ್ಧ ಧೈವತದ್ದು. ಸಿ ಕಾರ್ಡ್‌ನ ಮೇಲೆ ವಿಸಿಲ್‌ನ ಸಿ ಶಾರ್ಪ್ ಬಿದ್ದರೆ ಆ ಕರ್ಕಶತೆಯನ್ನು ಯಾವ ಮಿಕ್ಸಿಂಗ್ ಕೂಡ ಸರಿಪಡಿಸದು. ಅಭ್ಯಾಸಕ್ಕೆ ಕೂರುವ ಮೊದಲೇ ಗಿಟಾರಿಸ್ಟ್ ಜೊತೆ ಕಾರ್ಡ್‌ಗಳ ಪಟ್ಟಿ ನೋಡಿ, ಧೈವತ ಯಾವುದೆಂದು ನಿರ್ಧರಿಸಿಕೊಳ್ಳಿ. ರಿಫ್ ಇ ಫ್ರಿಜಿಯನ್‌ನಲ್ಲಿದ್ದರೆ, ಎಂದರೆ ಹನುಮತೋಡಿಯ ಸ್ವರಗಳಲ್ಲಿದ್ದರೆ, ಡಿ ವಿಸಿಲ್‌ನಲ್ಲಿ ಅರ್ಧ ರಂಧ್ರ ಮುಚ್ಚುತ್ತಾ ಹೆಣಗುವ ಬದಲು ಸಿ ವಿಸಿಲ್ ಹಿಡಿಯಿರಿ. ಬೇಕಾದ ಏಳೂ ಸ್ವರಗಳು ಅದರಲ್ಲಿ ನೇರವಾಗಿ ಸಿಗುತ್ತವೆ. ಕರ್ನಾಟಕ ಶೈಲಿಯ ಕೊಳಲು ಕಲಿತವರಿಗೆ ಅರ್ಧ ರಂಧ್ರದ ಅಭ್ಯಾಸ ಇರುವುದರಿಂದ ಜಾರು ಮತ್ತು ಗಮಕಗಳು ವಿಸಿಲ್‌ನಲ್ಲೂ ಚೆನ್ನಾಗಿ ಬರುತ್ತವೆ, ಆದರೆ ತುಟಿಯ ಕೋನ ಬದಲಿಸಿ ಶ್ರುತಿ ತಿದ್ದುವ ಅನುಕೂಲ ಇಲ್ಲಿಲ್ಲ ಎಂಬುದನ್ನು ಅವರು ಮರೆಯಬಾರದು.

ಪವರ್ ಕಾರ್ಡ್‌ನಲ್ಲಿ ಷಡ್ಜ ಮತ್ತು ಪಂಚಮ ಮಾತ್ರ ಇರುತ್ತವೆ, ಗಾಂಧಾರ ಇರುವುದಿಲ್ಲ. ಇದು ವಿಸಿಲ್‌ಗೆ ಸಿಕ್ಕ ದೊಡ್ಡ ಅವಕಾಶ ಎಂದು ನಾನು ದೃಢವಾಗಿ ನಂಬುತ್ತೇನೆ. ಇ ಪವರ್ ಕಾರ್ಡ್ ಮೊಳಗುತ್ತಿರುವಾಗ ವಿಸಿಲ್ ಜಿ ಹಿಡಿದರೆ ಇಡೀ ತಂಡ ಮೈನರ್ ಆಗಿ ಕೇಳುತ್ತದೆ, ಜಿ ಶಾರ್ಪ್ ಹಿಡಿದರೆ ಮೇಜರ್ ಆಗುತ್ತದೆ. ಆದ್ದರಿಂದ ಗಿಟಾರ್ ನುಡಿಸುವ ಸ್ವರಗಳನ್ನೇ ಹಿಂಬಾಲಿಸುವುದಕ್ಕಿಂತ, ಕಾರ್ಡ್ ಬದಲಾಗುವ ಕ್ಷಣದಲ್ಲಿ ಆ ಕಾರ್ಡ್‌ನ ಗಾಂಧಾರಕ್ಕೆ ಬಂದು ನಿಲ್ಲುವಂತೆ ರಾಗವನ್ನು ಕಟ್ಟಿ.

ಸ್ಥಾಯಿಯ ಆಯ್ಕೆಯೂ ಅಷ್ಟೇ ಮುಖ್ಯ. ಡಿ ವಿಸಿಲ್‌ನ ಅತಿ ಕೆಳಗಿನ ಸ್ವರ ಸುಮಾರು 587 ಹರ್ಟ್ಸ್, ಎರಡನೆಯ ಸ್ಥಾಯಿ ಆರಂಭವಾಗುವುದು ಸುಮಾರು 1175 ಹರ್ಟ್ಸ್‌ನಲ್ಲಿ. ಮೊದಲ ಸ್ಥಾಯಿಯು ಡಿಸ್ಟಾರ್ಶನ್ ಗಿಟಾರ್‌ನ ಮಧ್ಯಭಾಗದಲ್ಲಿ ಮುಳುಗಿಹೋಗುತ್ತದೆ, ಎರಡನೆಯದು ಅದನ್ನು ಸೀಳಿಕೊಂಡು ಹೊರಬರುತ್ತದೆ. ಇಡೀ ತಂಡ ನುಡಿಸುವ ಭಾಗಕ್ಕೆ ಮೇಲಿನ ಸ್ಥಾಯಿಯನ್ನೂ, ಗಿಟಾರ್ ಸುಮ್ಮನಾದ ಅಥವಾ ಡಿಸ್ಟಾರ್ಶನ್ ಇಲ್ಲದ ಕ್ಲೀನ್ ಟೋನ್‌ಗೆ ಇಳಿದ ಭಾಗಕ್ಕೆ ಕೆಳಗಿನ ಸ್ಥಾಯಿಯನ್ನೂ ಮೀಸಲಿಡಿ. ಒಂದೇ ಮಟ್ಟನ್ನು ಮೊದಲು ಕೆಳಗೆ ಮೆಲ್ಲಗೆ ನುಡಿಸಿ, ಡ್ರಮ್ಸ್ ಸೇರಿದಾಗ ಮೇಲಕ್ಕೆ ಒಯ್ದರೆ ಪರಿಣಾಮ ತಾನಾಗಿ ಬರುತ್ತದೆ. ಇನ್ನೂ ಒಂದು ಸ್ಥಾಯಿ ಕೆಳಗಿರುವ ಲೋ ಡಿ ವಿಸಿಲ್‌ನ ಮಂದ್ರ ದನಿ ಬಹಳ ಸುಂದರವಾದದ್ದು. 2013ರಲ್ಲಿ ಫಿನ್‌ಲೆಂಡಿನ ಮೆಟಲ್ ತಂಡ ನೈಟ್‌ವಿಶ್‌ನ ಪೂರ್ಣ ಸದಸ್ಯರಾದ ಟ್ರಾಯ್ ಡೊನಾಕ್ಲಿ ನುಡಿಸುವ ವಾದ್ಯಗಳಲ್ಲಿ ಲೋ ವಿಸಿಲ್ ಕೂಡ ಒಂದು. ಅದರ ರಂಧ್ರಗಳು ದೂರದೂರ ಇರುವುದರಿಂದ ಬೆರಳತುದಿಯ ಬದಲು ಬೆರಳಿನ ನಡುಭಾಗದಿಂದ ಮುಚ್ಚುವ ಹಿಡಿತವನ್ನು ಬೇರೆಯಾಗಿಯೇ ಕಲಿಯಬೇಕು.

ವೇಗದ ಹಾಡಿನಲ್ಲಿ ಅಲಂಕಾರಗಳನ್ನು ಕಡಿಮೆ ಮಾಡಿ. ನಿಮಿಷಕ್ಕೆ 180 ಬೀಟ್ ಇರುವಾಗ ಸೆಕೆಂಡಿಗೆ 6 ಎಯ್ಟ್ತ್ ನೋಟ್‌ಗಳು (ಅರ್ಧ ಬೀಟ್‌ನ ಸ್ವರಗಳು) ಸಾಗುತ್ತವೆ. ಮೂರು ಎಯ್ಟ್ತ್ ನೋಟ್‌ಗಳ ಜಾಗ ಬೇಡುವ ಐರಿಷ್ ರೋಲ್ ಎಂಬ ಅಲಂಕಾರ ಅಲ್ಲಿ ಕಲಸಿಹೋಗುತ್ತದೆ. ಮೇಲಿನ ಬೆರಳನ್ನು ಕ್ಷಣಮಾತ್ರ ಎತ್ತಿ ಇಳಿಸುವ ಕಟ್ ಸಾಕು. ರಿಫ್ ಪಾಮ್ ಮ್ಯೂಟ್‌ನಲ್ಲಿ (ಅಂಗೈ ಅಂಚಿನಿಂದ ತಂತಿಗಳನ್ನು ಅದುಮಿ) ಕುಕ್ಕುತ್ತಾ ಹೋಗುತ್ತಿದ್ದರೆ ಪ್ರತಿ ಸ್ವರಕ್ಕೂ ‘ತು’ ಎಂದು ನಾಲಗೆಯ ಏಟು ಕೊಡಿ, ಕುದುರೆಯ ಓಟದ ಲಯದ ಗ್ಯಾಲಪ್ ರಿಫ್‌ನಲ್ಲಿ ‘ತು-ಕು’ ಜೋಡಿಯನ್ನು ಬಳಸಿ. ಗಿಟಾರ್ ಕಾರ್ಡ್‌ಗಳನ್ನು ಉದ್ದವಾಗಿ ಮೊಳಗಲು ಬಿಟ್ಟಾಗ ಮಾತ್ರ ಸ್ವರಗಳನ್ನು ಕೂಡಿಸಿ ನುಡಿಸಿ. ಉಸಿರು ತೆಗೆದುಕೊಳ್ಳುವ ಜಾಗವನ್ನು ಮೊದಲೇ ಗುರುತು ಮಾಡಿಕೊಂಡು, ಸ್ನೇರ್ ಬೀಳುವ ಏಟಿನಲ್ಲಿ ಒಂದು ಚಿಕ್ಕ ಸ್ವರವನ್ನು ಬಿಟ್ಟುಬಿಟ್ಟರೆ ಕೇಳುಗರಿಗೆ ಅದು ಗೊತ್ತಾಗುವುದಿಲ್ಲ.

ವೇದಿಕೆಯಲ್ಲಿ ಸಾಧಾರಣ ಡೈನಮಿಕ್ ಮೈಕ್ ಸಾಕಾಗುತ್ತದೆ, ಅದನ್ನು ಇಡುವ ಜಾಗವೇ ಮುಖ್ಯ. ದನಿ ಮುಖ್ಯವಾಗಿ ಹೊರಡುವುದು ವಿಸಿಲ್‌ನ ತುದಿಯಿಂದಲ್ಲ, ಬಾಯಿಯ ಹತ್ತಿರ ಕೊಳವೆಯಲ್ಲಿ ಕೊರೆದಿರುವ ಸೀಳಿನಿಂದ, ಅಂದರೆ ಕಿಟಕಿಯಿಂದ, ಮತ್ತು ತೆರೆದ ರಂಧ್ರಗಳಿಂದ. ಮೈಕನ್ನು ಕಿಟಕಿ ಮತ್ತು ಮೊದಲ ರಂಧ್ರದ ನಡುವಿನ ಭಾಗಕ್ಕೆ ಮುಖ ಮಾಡಿ, ಸುಮಾರು 10 ಸೆಂಟಿಮೀಟರ್ ದೂರದಲ್ಲಿ, ಉಸಿರಿನ ಗಾಳಿ ನೇರವಾಗಿ ಬಡಿಯದಂತೆ ಸ್ವಲ್ಪ ಓರೆಯಾಗಿ ಇಡಿ. ಡಿ ವಿಸಿಲ್‌ಗೆ 400 ಹರ್ಟ್ಸ್‌ವರೆಗಿನದನ್ನೂ ಲೋ ಡಿ ವಿಸಿಲ್‌ಗೆ 200 ಹರ್ಟ್ಸ್‌ವರೆಗಿನದನ್ನೂ ಕತ್ತರಿಸಿಹಾಕಲು ಸೌಂಡ್ ಇಂಜಿನಿಯರ್‌ಗೆ ಹೇಳಿ. ಅಲ್ಲಿ ವಿಸಿಲ್‌ನ ಸ್ವರವಿಲ್ಲ, ಇರುವುದು ಕಿಕ್ ಡ್ರಮ್, ಬೇಸ್ ಮತ್ತು ಗಿಟಾರ್‌ಗಳ ಸೋರಿಕೆ ಮಾತ್ರ. ನುಡಿಸದ ವೇಳೆಯಲ್ಲಿ ಮೈಕ್ ಮುಚ್ಚುವ ಸ್ವಿಚ್ ಇದ್ದರೆ ಸಿಂಬಲ್‌ಗಳ ಗದ್ದಲ ಅದರೊಳಗೆ ನುಗ್ಗುವುದಿಲ್ಲ.

ತನ್ನ ದನಿ ತನಗೇ ಕೇಳದಿದ್ದರೆ ಎಂಥವರೂ ತಿಳಿಯದೆಯೇ ಜೋರಾಗಿ ಊದಿ ಶ್ರುತಿ ಏರಿಸಿಬಿಡುತ್ತಾರೆ, ಆದ್ದರಿಂದ ತನ್ನ ದನಿಯನ್ನು ಕಿವಿಯೊಳಗೇ ಕೇಳಿಸುವ ಇನ್-ಇಯರ್ ಮಾನಿಟರ್‌ಗೆ ಖರ್ಚು ಮಾಡುವುದು ಹೊಸ ವಿಸಿಲ್ ಕೊಳ್ಳುವುದಕ್ಕಿಂತ ಮೇಲು. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಶ್ರುತಿ ಸುಮಾರು 3 ಸೆಂಟ್ (ಸೆಮಿಟೋನ್‌ನ ನೂರನೆಯ ಒಂದು ಭಾಗವೇ ಒಂದು ಸೆಂಟ್) ಏರುತ್ತದೆ. ಗಿಟಾರ್‌ನ ಶ್ರುತಿ ಬದಲಿಸಲು ಯಾರೂ ಒಪ್ಪುವುದಿಲ್ಲವಾದ್ದರಿಂದ, ಮೇಲ್ತುದಿಯನ್ನು ಜರುಗಿಸಿ ಶ್ರುತಿ ಹೊಂದಿಸಬಹುದಾದ ವಿಸಿಲ್ ಅನ್ನೇ ಕೊಳ್ಳಿ. ಹಾಡಿನ ಮೊದಲು ಅದನ್ನು ಜೇಬಿನಲ್ಲೋ ಕಂಕುಳಲ್ಲೋ ಬೆಚ್ಚಗೆ ಇಟ್ಟುಕೊಂಡು, ಟ್ಯೂನರ್ ನೋಡಿ ಹೊಂದಿಸಿ. ನಡುವೆ ಉಗುಳಿನ ತೇವ ಕಟ್ಟಿಕೊಂಡು ದನಿ ಗೊಗ್ಗರಾದರೆ ಕಿಟಕಿಯನ್ನು ಬೆರಳಿನಿಂದ ಮುಚ್ಚಿ ಒಮ್ಮೆ ಬಲವಾಗಿ ಊದಿದರೆ ಸಾಕು. ಹಿಂದಿನ ದಿನವೇ ಪಾತ್ರೆ ತೊಳೆಯುವ ಸೋಪಿನ ನೀರನ್ನು ಗಾಳಿಯ ದಾರಿಯೊಳಗೆ ಹರಿಸಿ ಒಣಗಲು ಬಿಟ್ಟಿದ್ದರೆ ಆ ತೊಂದರೆ ಬರುವುದೂ ಕಡಿಮೆ.