ಬೊಡೋನಿಯಲ್ಲಿ ಪುಸ್ತಕ ಜೋಡಿಸಿದ ನನ್ನ ಅನುಭವ

ಬೊಡೋನಿ ಎಂಬ ಇಂಗ್ಲಿಷ್ ಅಚ್ಚಕ್ಷರ ಶೈಲಿಯನ್ನು ಮುಖಪುಟಕ್ಕೂ ಶೀರ್ಷಿಕೆಗೂ ಮೀಸಲಿಟ್ಟು, ಒಳಪುಟಗಳಿಗೆ ಬೇರೆ ಅಕ್ಷರವನ್ನು ಆರಿಸುವುದು ಪುಟವಿನ್ಯಾಸಕಾರರಲ್ಲಿ ರೂಢಿ. ಇಂಗ್ಲಿಷ್ ಪ್ರಬಂಧಗಳ ಸಂಕಲನವೊಂದನ್ನು ಮೊದಲಿನಿಂದ ಕೊನೆಯವರೆಗೆ ಅದರಲ್ಲೇ ಜೋಡಿಸುವ ಕೆಲಸ ಒಪ್ಪಿಕೊಂಡಾಗ, ಆ ರೂಢಿಗೆ ಕಾರಣವಾದ ತೊಡಕು ಅಕ್ಷರದ ಸ್ವಭಾವದಲ್ಲಿದೆಯೋ ಅಥವಾ ನಾವು ಅದನ್ನು ಬಳಸುವ ಬಗೆಯಲ್ಲಿದೆಯೋ ಎಂಬುದನ್ನು ನಾನು ಮೊದಲು ನೋಡಬೇಕಾಯಿತು.

ಇದರ ನಿಂತ ಗೆರೆಗಳು ದಪ್ಪ, ಅಡ್ಡ ಗೆರೆಗಳೂ ಸೆರಿಫ್‌ಗಳೂ (ಗೆರೆಗಳ ತುದಿಯ ಪುಟ್ಟ ಅಡ್ಡಗೀಟುಗಳು) ಕೂದಲೆಳೆಯಷ್ಟು ಸಣ್ಣ. ದುಂಡು ಅಕ್ಷರಗಳ ಭಾರವು ಓರೆಯಾಗಿರದೆ ನೇರ ಲಂಬವಾಗಿ ನಿಲ್ಲುತ್ತದೆ. ದೊಡ್ಡ ಗಾತ್ರದಲ್ಲಿ ಗಾಂಭೀರ್ಯವಾಗಿ ಕಾಣುವ ಈ ಗುಣವೇ ಸಣ್ಣ ಗಾತ್ರದಲ್ಲಿ ಕಣ್ಣು ಕೋರೈಸುತ್ತದೆ, ಏಕೆಂದರೆ ಸಣ್ಣ ಗೆರೆಗಳು ಮಾಯವಾಗಿ ನಿಂತ ಕಂಬಗಳ ಸಾಲಷ್ಟೇ ಉಳಿಯುತ್ತದೆ. ಆದರೆ 1768ರಲ್ಲಿ ಪಾರ್ಮಾದ ಡ್ಯೂಕರ ಮುದ್ರಣಾಲಯದ ಹೊಣೆ ಹೊತ್ತ, ಈ ಅಕ್ಷರವನ್ನು ರೂಪಿಸಿದ ಜಂಬಾಟಿಸ್ಟಾ ಬೊಡೋನಿ ಒಂದೇ ರೇಖಾರೂಪವನ್ನು ಹಿಗ್ಗಿಸಿ ಕುಗ್ಗಿಸಿದವನಲ್ಲ. ಅವನ ಮರಣಾನಂತರ, 1818ರಲ್ಲಿ, ಪತ್ನಿ ಮಾರ್ಗರೀಟಾ ಹೊರತಂದ ಮಾದರಿ ಸಂಪುಟಗಳಲ್ಲಿ ತೀರ ಹತ್ತಿರ ಹತ್ತಿರದ ಗಾತ್ರಗಳಿಗೂ ಬೇರೆ ಬೇರೆ ಅಚ್ಚುಮೊಳೆಗಳಿವೆ. ಪರದೆಯ ಮೇಲೆ ಗಾತ್ರದ ಅಂಕಿ ಬದಲಿಸುವ ನಮಗೆ ಈ ಶ್ರಮ ಮರೆತೇಹೋಗಿದೆ ಎನ್ನಬೇಕು.

ಆದ್ದರಿಂದ ಐಟಿಸಿ ಎಂಬ ಅಕ್ಷರ ಸಂಸ್ಥೆಯ 1994ರ ಆವೃತ್ತಿ, ಐಟಿಸಿ ಬೊಡೋನಿಯನ್ನು ಆರಿಸಿಕೊಂಡೆ. ಅದರಲ್ಲಿ 6, 12 ಮತ್ತು 72 ಪಾಯಿಂಟ್‌ಗಳಿಗೆ (ಅಕ್ಷರದ ಗಾತ್ರದ ಅಳತೆ) ಪ್ರತ್ಯೇಕ ರೂಪಗಳಿವೆ. ಜೊತೆಗೆ, ನಂತರದ ಹಲವು ಆವೃತ್ತಿಗಳು ಅಳಿಸಿಹಾಕಿದ, ಸೆರಿಫ್ ನಿಂತ ಗೆರೆಯನ್ನು ಸೇರುವಲ್ಲಿನ ನಸು ಬಾಗು ಅದರಲ್ಲಿ ಉಳಿದಿದೆ. ಪಠ್ಯಕ್ಕೆ ಹನ್ನೆರಡರ ರೂಪ, ಅಡಿಟಿಪ್ಪಣಿಗೆ ಆರರ ರೂಪ, ಅಧ್ಯಾಯದ ಹೆಸರಿಗೆ ಎಪ್ಪತ್ತೆರಡರ ರೂಪ. ಲಂಬ ಗೆರೆಗಳು ಕಣ್ಣನ್ನು ಮೇಲಕ್ಕೂ ಕೆಳಕ್ಕೂ ಎಳೆಯುವುದರಿಂದ ಸಾಲು ಹಿಡಿದು ಓದಲು ಸುತ್ತಲಿನ ಬಿಳಿ ಜಾಗದ ನೆರವು ಬೇಕೇಬೇಕು. 11 ಪಾಯಿಂಟಿನ ಅಕ್ಷರಕ್ಕೆ 15 ಪಾಯಿಂಟಿನ ಸಾಲಂತರ ಕೊಟ್ಟು, ಅಂಚುಗಳನ್ನು ಅಗಲಗೊಳಿಸಿದೆ. ಪುಟಗಳ ಸಂಖ್ಯೆ ಹೆಚ್ಚಿತು, ಪ್ರಕಾಶಕರನ್ನು ಒಪ್ಪಿಸುವುದು ಸುಲಭವಾಗಲಿಲ್ಲ.

ಕಾಗದದ ಆಯ್ಕೆಯೂ ಅಕ್ಷರದ ಆಯ್ಕೆಯಷ್ಟೇ ಮುಖ್ಯ. ಲೇಪನವಿಲ್ಲದ ಕಾಗದದಲ್ಲಿ ಶಾಯಿ ತುಸು ಹರಡುವುದರಿಂದ ಸಣ್ಣ ಗೆರೆಗಳಿಗೆ ಬಲ ಬರುತ್ತದೆ. ನುಣುಪಾದ ಕಾಗದದಲ್ಲಿ ಅವು ಇದ್ದಷ್ಟೇ ತೆಳುವಾಗಿ ಬೀಳುತ್ತವೆ. ಕಪ್ಪು ಹಿನ್ನೆಲೆಯ ಬಿಳಿ ಅಕ್ಷರದಲ್ಲಿ ಇದು ತಿರುವುಮುರುವಾಗುತ್ತದೆ: ಹರಡಿದ ಶಾಯಿ ಗೆರೆಗಳನ್ನು ನುಂಗುತ್ತದೆ, ನಾಲ್ಕು ಬಣ್ಣಗಳನ್ನು ಒಂದರ ಮೇಲೊಂದು ಒತ್ತಿ ಮಾಡಿದ ಕಪ್ಪಾದರೆ ಅವು ಕೂಡುವಲ್ಲಿನ ಕೂದಲೆಳೆಯ ವ್ಯತ್ಯಾಸವೂ ಸೆರಿಫ್‌ಗಳನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಹಿಂಬದಿ ರಕ್ಷಾಪುಟದ ಬಿಳಿ ಬರಹಕ್ಕೆ ಒಂದೇ ಶಾಯಿಯ ಕಪ್ಪನ್ನೂ ಆರರ ರೂಪವನ್ನೂ ಬಳಸಿದೆ.

ಇದೇ ಪುಸ್ತಕದ ವಿದ್ಯುನ್ಮಾನ ಆವೃತ್ತಿಯಲ್ಲಿ ಓದುಗರು ಗಾತ್ರವನ್ನು ತಮಗೆ ಬೇಕಾದಂತೆ ಬದಲಿಸುವುದರಿಂದ ಬೊಡೋನಿಯನ್ನು ಶೀರ್ಷಿಕೆಗಳಿಗಷ್ಟೇ ಉಳಿಸಿ, ಪಠ್ಯಕ್ಕೆ ಬಾಸ್ಕರ್‌ವಿಲ್ ಎಂಬ ಮತ್ತೊಂದು ಅಕ್ಷರವನ್ನು ಹಾಕಿದೆ.