ರೈಲಿನಲ್ಲಿ ಇಟಲಿ ಸುತ್ತುವುದು ಹೇಗೆ?

ರೋಮ್‌ನಿಂದ ಫ್ಲಾರೆನ್ಸ್‌ಗೆ ಒಂದೂವರೆ ಗಂಟೆ. ಅಲ್ಲಿಂದ ವೆನಿಸ್‌ಗೆ ಎರಡು ಗಂಟೆ ಚಿಲ್ಲರೆ. ವೆನಿಸ್‌ನಿಂದ ಮಿಲಾನ್‌ಗೆ ಎರಡೂವರೆ ಗಂಟೆ. ಗಂಟೆಗೆ 300 ಕಿ.ಮೀ.ವರೆಗೆ ಓಡುವ ರೈಲುಗಳು ಈ ನಾಲ್ಕೂ ಊರುಗಳನ್ನು ಜೋಡಿಸುತ್ತವೆ. ಇಷ್ಟು ಅನುಕೂಲ ಇದ್ದರೂ ನಮ್ಮವರು ದುಡ್ಡು ಕಳೆದುಕೊಳ್ಳುವುದನ್ನು, ದಂಡ ಕಟ್ಟುವುದನ್ನು ನೋಡುತ್ತಲೇ ಇದ್ದೇನೆ. ಹೆಚ್ಚಿನವರು ಎಡವುವುದು ಟಿಕೆಟ್ ವಿಷಯದಲ್ಲೇ. ಅದಕ್ಕೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

1. ಮೊದಲು ಊರು, ರಾತ್ರಿ ಲೆಕ್ಕ

ರೋಮ್‌ನಲ್ಲಿ ಇಳಿದು ಮಿಲಾನ್‌ನಿಂದ ವಾಪಸ್ ಹೊರಡುವ ಹಾಗೆ ವಿಮಾನದ ಟಿಕೆಟ್ ನೋಡಿ. ಬಂದ ದಾರಿಯಲ್ಲೇ ಹಿಂತಿರುಗುವ ಕೆಲಸ ತಪ್ಪುತ್ತದೆ. ಹತ್ತು ರಾತ್ರಿ ಇದ್ದರೆ ರೋಮ್‌ಗೆ 4, ಫ್ಲಾರೆನ್ಸ್‌ಗೆ 3, ವೆನಿಸ್‌ಗೆ 2, ಮಿಲಾನ್‌ಗೆ 1. ಐದನೇ ಊರು ಸೇರಿಸಬೇಡಿ. ರೂಮ್ ಖಾಲಿ ಮಾಡಿ, ಸ್ಟೇಷನ್ ಸೇರಿ, ಹೊಸ ಊರಲ್ಲಿ ಹೋಟೆಲ್ ಹುಡುಕುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ನೇಪಲ್ಸ್ ನೋಡಲೇಬೇಕೆಂದರೆ ರೋಮ್‌ನಿಂದ ಬೆಳಿಗ್ಗೆ ಹೋಗಿ ರಾತ್ರಿ ಬನ್ನಿ, ಒಂದು ಗಂಟೆ ಹತ್ತು ನಿಮಿಷದ ದಾರಿ.

ದಿನ ಹೊಂದಿಸುವಾಗ ರಜೆ ನೋಡಿಕೊಳ್ಳಿ. ಫ್ಲಾರೆನ್ಸ್‌ನ ಉಫಿತ್ಸಿ ಗ್ಯಾಲರಿ ಸೋಮವಾರ ಮುಚ್ಚಿರುತ್ತದೆ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯದನ್ನು ಬಿಟ್ಟರೆ ಉಳಿದ ಭಾನುವಾರ ತೆರೆಯುವುದಿಲ್ಲ. ಮಿಲಾನ್‌ನಲ್ಲಿ ಲಿಯೊನಾರ್ಡೊ ಡಾ ವಿಂಚಿಯ 'ಕೊನೆಯ ಭೋಜನ' ಚಿತ್ರ ನೋಡಲು ಮುಂಗಡ ಬುಕಿಂಗ್ ಬೇಕು, ಒಳಗೆ ಬಿಡುವುದು 15 ನಿಮಿಷ ಮಾತ್ರ. ಅದರ ಸಮಯ ಸಿಕ್ಕ ಮೇಲೆ ಮಿಲಾನ್ ರೈಲು ಆರಿಸಿ.

2. ವೀಸಾ

ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಗೆ 6 ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ ಬೇಕು. ಹೋಟೆಲ್ ಬುಕಿಂಗ್ ರದ್ದು ಮಾಡಲು ಬರುವಂಥದ್ದೇ ಇರಲಿ. ವೀಸಾ ಕೈಗೆ ಬರುವ ಮೊದಲು ಹಣ ವಾಪಸ್ ಬಾರದ ರೈಲು ಟಿಕೆಟ್ ಕೊಳ್ಳಲೇಬೇಡಿ.

3. ಟಿಕೆಟ್

ಪಾಸ್ ಬೇಡ. ನಾಲ್ಕೈದು ಪ್ರಯಾಣಕ್ಕೆ ಯೂರೇಲ್ ಪಾಸ್ (ಯುರೋಪಿನ ರೈಲುಗಳಲ್ಲಿ ಓಡಾಡಲು ಪ್ರವಾಸಿಗರಿಗೆ ಕೊಡುವ ಪಾಸ್) ಕೊಂಡರೆ ಅದರ ದುಡ್ಡು ಹುಟ್ಟುವುದಿಲ್ಲ. ಪಾಸ್ ಇದ್ದರೂ ವೇಗದ ರೈಲಿನ ಸೀಟಿಗೆ ಪ್ರತಿ ಸಲ ಬೇರೆ ಶುಲ್ಕ ಕಟ್ಟಬೇಕು.

ವೇಗದ ರೈಲು ಓಡಿಸುವ ಕಂಪನಿಗಳು ಎರಡು. ಸರ್ಕಾರಿ ಒಡೆತನದ ಟ್ರೆನಿಟಾಲಿಯಾ, ಮತ್ತೆ 2012ರಲ್ಲಿ ಶುರುವಾದ ಖಾಸಗಿ ಇಟಾಲೊ. ಒಂದರ ಟಿಕೆಟ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಎರಡರ ಸ್ವಂತ ಆ್ಯಪ್‌ನಲ್ಲೂ ದರ ನೋಡಿ, ಅಲ್ಲೇ ಕೊಳ್ಳಿ. ಮಧ್ಯವರ್ತಿ ವೆಬ್‌ಸೈಟ್‌ಗಳು ಕಮಿಷನ್ ಹಾಕುತ್ತವೆ. ರೈಲು ರದ್ದಾದರೆ ದುಡ್ಡು ಕೇಳಲು ಯಾರ ಹತ್ತಿರ ಹೋಗುವುದು ಎನ್ನುವುದೇ ತಲೆನೋವು.

ದಿನ ಹತ್ತಿರ ಬಂದಂತೆ ದರ ಏರುತ್ತದೆ. ಟ್ರೆನಿಟಾಲಿಯಾದಲ್ಲಿ 'ಸೂಪರ್ ಎಕಾನಮಿ' ಅಗ್ಗ, ಆದರೆ ಸಮಯ ಬದಲಿಸಲು ಆಗುವುದಿಲ್ಲ, ಹಣವೂ ವಾಪಸ್ ಇಲ್ಲ. 'ಬೇಸ್' ದುಬಾರಿ, ಆದರೆ ರೈಲು ಹೊರಡುವವರೆಗೆ ಬದಲಿಸುತ್ತಾ ಹೋಗಬಹುದು. ಊರಿಂದ ಊರಿಗೆ ಹೋಗುವ ದಿನ ಗಟ್ಟಿಯಾಗಿದ್ದರೆ ಅಗ್ಗದ್ದನ್ನೇ ಕೊಳ್ಳಿ. ವಿಮಾನ ಇಳಿದ ದಿನವೇ ರೈಲು ಹಿಡಿಯುವವರು ಮಾತ್ರ 'ಬೇಸ್' ತೆಗೆಯಿರಿ. ವಿಮಾನ ತಡವಾದರೆ ಅಗ್ಗದ ಟಿಕೆಟ್ ಕಸದ ಬುಟ್ಟಿಗೆ.

ಈಗ ದಂಡ ಬೀಳುವ ಜಾಗಕ್ಕೆ ಬರೋಣ. ಫ್ಲಾರೆನ್ಸ್‌ನಿಂದ ಪೀಸಾಗೆ ಹೋಗುವಂಥ ಹತ್ತಿರದ ದಾರಿಗೆ 'ರೆಜೊನಾಲೆ' ಎಂಬ ಪ್ರಾದೇಶಿಕ ರೈಲುಗಳಿವೆ. ದರ ಯಾವಾಗಲೂ ಒಂದೇ, ಸೀಟ್ ನಂಬರ್ ಇಲ್ಲ, ಮುಂಗಡ ಕೊಳ್ಳುವ ಅಗತ್ಯವೂ ಇಲ್ಲ. ಆದರೆ ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಅದಕ್ಕೆ ಮುದ್ರೆ ಬೀಳಬೇಕು. ಪ್ಲಾಟ್‌ಫಾರಂ ದಾರಿಯಲ್ಲಿ ಇದಕ್ಕೆಂದೇ ಸಣ್ಣ ಮೆಷಿನ್‌ಗಳಿರುತ್ತವೆ. ಟಿಕೆಟ್ ತುದಿಯನ್ನು ಸೀಳಿನೊಳಗೆ ತಳ್ಳಿ, ಕಿರ್ ಎಂಬ ಸದ್ದು ಬರುವವರೆಗೆ ಹಿಡಿದುಕೊಳ್ಳಿ. ಹೊರಗೆ ತೆಗೆದು ತಾರೀಕು, ಸಮಯ ಮೂಡಿದೆಯಾ ಅಂತ ಕಣ್ಣಾರೆ ನೋಡಿ. ಶಾಯಿ ಮಾಸಿದ್ದರೆ ಪಕ್ಕದ ಮೆಷಿನ್‌ಗೆ ಹೋಗಿ. ಎಲ್ಲವೂ ಕೆಟ್ಟಿದ್ದರೆ ರೈಲು ಹತ್ತಿದ ಕೂಡಲೇ ನೀವೇ ಕಂಡಕ್ಟರನ್ನು ಹುಡುಕಿ ಹೇಳಿ, ಅವರಾಗಿ ಬರಲಿ ಅಂತ ಕಾಯಬೇಡಿ. ಮೊಬೈಲ್‌ನಲ್ಲಿ ಕೊಂಡ ಪ್ರಾದೇಶಿಕ ಟಿಕೆಟ್ ಆದರೆ ಹತ್ತುವ ಮೊದಲು ಅದರಲ್ಲಿ 'ಚೆಕ್-ಇನ್' ಒತ್ತಬೇಕಿತ್ತು, 2025ರ ಸೆಪ್ಟೆಂಬರ್‌ನಿಂದ ಅದು ತಾನಾಗೇ ಆಗುತ್ತದೆ.

ದುಡ್ಡು ಕೊಟ್ಟು ಟಿಕೆಟ್ ಕೊಂಡಿದ್ದೇವಲ್ಲ, ಇನ್ನೇನು ಅಂತ ಸುಮ್ನೆ ಕೂತರೆ ಕಂಡಕ್ಟರ್ ಒಪ್ಪುವುದಿಲ್ಲ. ಮುದ್ರೆ ಇಲ್ಲದ ಟಿಕೆಟನ್ನು ಇನ್ನೊಮ್ಮೆ ಬಳಸಬಹುದು ಅಲ್ವಾ? ಅದಕ್ಕೇ ದಂಡ. ಸೀಟ್ ನಂಬರ್ ಇರುವ ವೇಗದ ರೈಲಿಗೆ ಇದ್ಯಾವುದೂ ಬೇಡ.

4. ಸ್ಟೇಷನ್‌ನಲ್ಲಿ

ಬೋರ್ಡಿನಲ್ಲಿ ನಿಮ್ಮ ಊರು ಹುಡುಕಬೇಡಿ, ರೈಲಿನ ನಂಬರ್ ಹುಡುಕಿ. ಅಲ್ಲಿ ಬರೆಯುವುದು ರೈಲಿನ ಕೊನೆಯ ನಿಲ್ದಾಣ. ಫ್ಲಾರೆನ್ಸ್‌ಗೆ ಹೋಗುವ ರೈಲಿನ ಮುಂದೆ ಮಿಲಾನೊ ಅಂತ ಇರಬಹುದು. ಫ್ಲಾರೆನ್ಸ್‌ಗೆ ಅವರು ಬರೆಯುವುದೇ ಫಿರೆಂಜೆ. 'ಬಿನಾರಿಯೊ' ಅಂದರೆ ಪ್ಲಾಟ್‌ಫಾರಂ.

ಇಳಿಯುವ ನಿಲ್ದಾಣವನ್ನೂ ಎರಡು ಸಲ ಓದಿ. ಫ್ಲಾರೆನ್ಸ್‌ಗೆ ಸಾಂತಾ ಮರಿಯಾ ನೊವೆಲ್ಲಾ. ವೆನಿಸ್‌ಗೆ ಸಾಂತಾ ಲುಚಿಯಾ. ವೆನಿಸ್ ಎಂದು ಮೆಸ್ತ್ರೆಯಲ್ಲಿ ಇಳಿದವರು ಕಾಲುವೆ ಎಲ್ಲಿ ಅಂತ ಹುಡುಕುತ್ತಾರೆ. ಅದು ನೆಲದ ಮೇಲಿನ ಊರು, ನೀರಿನ ವೆನಿಸ್‌ಗೆ ಇನ್ನೂ ಹತ್ತು ನಿಮಿಷ ರೈಲಿನಲ್ಲಿ ಹೋಗಬೇಕು. ಅಗ್ಗ ಅಂತ ಅಲ್ಲಿ ಹೋಟೆಲ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ದಿನದ ಪ್ರವಾಸಿಗರು ಹೋದ ಮೇಲೆ, ರಾತ್ರಿ ಹೊತ್ತಿನ ವೆನಿಸ್ ನೋಡಬೇಕು.

ಟಿಕೆಟ್ ಮೆಷಿನ್ ಹತ್ತಿರ ಯಾರಾದರೂ ತಾವಾಗಿ ಸಹಾಯಕ್ಕೆ ಬಂದರೆ ಬೇಡ ಅನ್ನಿ. ಆಮೇಲೆ ದುಡ್ಡು ಕೇಳುತ್ತಾರೆ.

5. ಲಗೇಜ್

ಒಬ್ಬರಿಗೆ ಒಂದೇ ಸೂಟ್‌ಕೇಸ್, ನೀವೇ ಎತ್ತಿ ಮೆಟ್ಟಿಲು ಹತ್ತುವಷ್ಟು. ವೆನಿಸ್‌ನ ಹೆಚ್ಚಿನ ಸೇತುವೆಗಳಿಗೆ ಮೆಟ್ಟಿಲೇ. ತೆಳು ಚಕ್ರದ ಅಗ್ಗದ ಸೂಟ್‌ಕೇಸ್ ರೋಮ್‌ನ ಕಲ್ಲುಹಾಸಿನ ಬೀದಿಯಲ್ಲೇ ಕೈಕೊಡುತ್ತದೆ.

6. ಮುಷ್ಕರ

ಹೊರಡುವ ವಾರ 'ಶೋಪೆರೊ' ಅಂದರೆ ಮುಷ್ಕರ ಇದೆಯಾ ನೋಡಿ. ಸಾಮಾನ್ಯವಾಗಿ ಮೊದಲೇ ಪ್ರಕಟಿಸುತ್ತಾರೆ. ಮುಷ್ಕರದ ದಿನವೂ, ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಪ್ರಾದೇಶಿಕ ರೈಲು ಓಡಿಸಲೇಬೇಕು. ದೂರದ ರೈಲುಗಳಲ್ಲಿ ಯಾವುದು ಖಂಡಿತ ಓಡುತ್ತದೆ ಎಂಬ ಪಟ್ಟಿಯೂ ಸಿಗುತ್ತದೆ. ನಿಮ್ಮ ರೈಲು ಅದರಲ್ಲಿ ಇಲ್ಲದಿದ್ದರೆ ಹಿಂದಿನ ದಿನವೇ ಬೇರೆ ರೈಲು ನೋಡಿಕೊಳ್ಳಿ.