ಸೊನ್ನೆ ಡಿಗ್ರಿಯ ಕೆಳಗೂ ಹೆಪ್ಪುಗಟ್ಟದ ನೀರು: ಮನೆಯಲ್ಲೇ ಗುರುತಿಸುವುದು ಹೇಗೆ?

ಮೊಟ್ಟೆಯ ಬಿಳಿಲೋಳೆಯನ್ನು ತಣಿಸುತ್ತಾ ಹೋಗಿ, ಥರ್ಮಾಮೀಟರು −6 ಡಿಗ್ರಿ ತೋರಿಸಿದರೂ ಅದು ದ್ರವವಾಗಿಯೇ ಇರುವುದನ್ನು ಕಂಡ ವಿದ್ಯಾರ್ಥಿಗಳು, ಅದರ ಘನೀಕರಣ ಬಿಂದು −6 ಎಂದು ಬರೆದುಬಿಡುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ಅಳತೆ ಸರಿಯಾಗಿರುತ್ತದೆ, ತೀರ್ಮಾನ ತಪ್ಪಿರುತ್ತದೆ. ಜೀವವಸ್ತುಗಳಲ್ಲಿ ನೀರು ಸೊನ್ನೆಗಿಂತ ಕೆಳಗೂ ಹೆಪ್ಪುಗಟ್ಟದೆ ಉಳಿಯಲು ಕಾರಣ ಒಂದೇ ಅಲ್ಲ, ಮೂರು. ಅವನ್ನು ಒಂದರಿಂದೊಂದು ಬಿಡಿಸಿ ನೋಡುವ ಕ್ರಮ ಇಲ್ಲಿದೆ.

ಎರಡು ಗಾಜಿನ ಪ್ರನಾಳ, ಬಟ್ಟಿ ಇಳಿಸಿದ ನೀರು, ಒಂದು ಮೊಟ್ಟೆಯ ಬಿಳಿಲೋಳೆ, ಮಂಜುಗಡ್ಡೆ, ಪುಡಿ ಉಪ್ಪು ಮತ್ತು ಇಡಿಯಾದ ಒಣ ಬಟಾಣಿ ಸಾಕು. ಥರ್ಮಾಮೀಟರಿನ ವಿಷಯದಲ್ಲಿ ಮಾತ್ರ ರಾಜಿ ಬೇಡ: ಅದು 0.1 ಡಿಗ್ರಿಯ ವ್ಯತ್ಯಾಸ ತೋರಿಸಬೇಕು, ಮೊನೆ ತೆಳ್ಳಗಿರಬೇಕು. ದಪ್ಪ ಮೊನೆಯ ಅಗ್ಗದ ಮಾಪಕಗಳು ತಡವಾಗಿ ಸ್ಪಂದಿಸುವುದರಿಂದ, ನಾವು ಕಾಯುತ್ತಿರುವ ಕ್ಷಣವೇ ಕೈತಪ್ಪಿಹೋಗುತ್ತದೆ. ಜಜ್ಜಿದ ಮಂಜುಗಡ್ಡೆ ಬೆರೆತ ನೀರಿನಲ್ಲಿ ಅದು 0 ತೋರಿಸುವುದೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಿ.

ಪ್ರನಾಳಗಳನ್ನು ತಣಿಸಲು, ಮೂರು ಪಾಲು ಜಜ್ಜಿದ ಮಂಜುಗಡ್ಡೆಗೆ ಒಂದು ಪಾಲು ಉಪ್ಪನ್ನು ತೂಕದ ಲೆಕ್ಕದಲ್ಲಿ ಒಂದು ಪಾತ್ರೆಯಲ್ಲಿ ಬೆರೆಸಿ. ನೇರವಾಗಿ ಫ್ರೀಜರಿನೊಳಗೆ ಇಡುವುದು ಸುಲಭವೆನಿಸಿದರೂ ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಬಾಗಿಲು ತೆರೆದಾಗಲೆಲ್ಲ ತಾಪ ಏರುಪೇರಾಗುತ್ತದೆ ಮತ್ತು ಒಳಗೆ ನಡೆಯುವುದು ಕಣ್ಣಿಗೆ ಬೀಳುವುದಿಲ್ಲ.

ಈಗ ಎಚ್ಚರ ಬೇಕಾದ ಹಂತ. ಒಂದು ಪ್ರನಾಳಕ್ಕೆ ನೀರನ್ನೂ ಇನ್ನೊಂದಕ್ಕೆ ನೊರೆ ಬಾರದಂತೆ ಬಿಳಿಲೋಳೆಯನ್ನೂ ಎರಡು ಬೆರಳಿನಷ್ಟು ಎತ್ತರಕ್ಕೆ ತುಂಬಿ. ಥರ್ಮಾಮೀಟರಿನ ಮೊನೆ ನಟ್ಟನಡುವೆ ಇರಬೇಕು; ಗಾಜಿಗೆ ತಾಗಿದರೆ ಅದು ಹೊರಗಿನ ಉಪ್ಪುಮಂಜಿನ ತಾಪವನ್ನೇ ಓದುತ್ತದೆ. ಒಂದೊಂದೇ ಪ್ರನಾಳವನ್ನು ಮಂಜಿನಲ್ಲಿ ಇಳಿಸಿ, ಅಲುಗಿಸದೆ, ಪ್ರತಿ 15 ಸೆಕೆಂಡಿಗೊಮ್ಮೆ ತಾಪವನ್ನು ಬರೆದುಕೊಳ್ಳಿ. ಸೊನ್ನೆ ದಾಟಿದ ಮೇಲೂ ಎರಡೂ ದ್ರವವಾಗಿಯೇ ಇರಬಹುದು. ಇದೇ ಮೊದಲ ಕಾರಣ, ಅತಿಶೀತಲೀಕರಣ: ಮಂಜಿನ ಹರಳು ಬೆಳೆಯಲು ಮೊದಲು ಒಂದು ಪುಟ್ಟ ಬೀಜಹರಳು ಮೂಡಬೇಕು, ಅದು ಮೂಡುವವರೆಗೆ ನೀರು ಕಾಯುತ್ತದೆ. ತೀರಾ ಶುದ್ಧವಾದ ನೀರಿನ ಸಣ್ಣ ಹನಿಗಳು ಸುಮಾರು −38 ಡಿಗ್ರಿಯವರೆಗೂ ಹೀಗೆ ಕಾಯಬಲ್ಲವು. ತಾಪ −4ರ ಆಸುಪಾಸಿಗೆ ಬಂದಾಗ ಸಾಸಿವೆಯಷ್ಟು ಮಂಜುಗಡ್ಡೆಯ ಚೂರನ್ನು ಒಳಗೆ ಹಾಕಿ. ಮಸುಕಾದ ಸೂಜಿಗಳು ಮೇಲಿನಿಂದ ಕೆಳಕ್ಕೆ ಹಬ್ಬುವುದೂ ತಾಪ ಥಟ್ಟನೆ ಮೇಲೇರುವುದೂ ಒಟ್ಟಿಗೆ ಕಾಣುತ್ತವೆ. ಹೆಪ್ಪುಗಟ್ಟುವ ನೀರು ಬಿಟ್ಟುಕೊಟ್ಟ ಗುಪ್ತೋಷ್ಣವೇ, ಅಂದರೆ ಪ್ರತಿ ಗ್ರಾಮಿಗೆ 334 ಜೂಲ್ ಶಾಖವೇ, ಈ ಏರಿಕೆಗೆ ಕಾರಣ. ಘನೀಕರಣ ಬಿಂದುವನ್ನು ಓದಬೇಕಾದದ್ದು ಏರಿ ನಿಂತ ಈ ತಾಪದಲ್ಲಿ, ಇಳಿದ ಕೊನೆಯ ಅಂಕಿಯಲ್ಲಿ ಅಲ್ಲ. ನೀರಿಗೆ ಅದು 0, ಬಿಳಿಲೋಳೆಗೆ ಸುಮಾರು −0.5.

ಬಹಳ ಮಂದಿ ಇಲ್ಲಿಗೇ ಮುಗಿಯಿತೆಂದು ಎದ್ದುಬಿಡುತ್ತಾರೆ, ಆದರೆ ಎರಡನೆಯ ಕಾರಣ ಕಾಣುವುದು ಇದರ ನಂತರವೇ. ನೀರಿನ ತಾಪ ಪೂರ್ತಿ ಗಟ್ಟಿಯಾಗುವವರೆಗೆ ಸೊನ್ನೆಯಲ್ಲೇ ನಿಲ್ಲುತ್ತದೆ. ಬಿಳಿಲೋಳೆಯದು ನಿಲ್ಲದೆ ಮೆಲ್ಲಗೆ ಜಾರುತ್ತದೆ. ಮಂಜಿನ ಹರಳು ನೀರಿನ ಅಣುಗಳನ್ನಷ್ಟೇ ಸೇರಿಸಿಕೊಂಡು ಲವಣಗಳನ್ನು ಹೊರಗೆ ತಳ್ಳುವುದರಿಂದ, ಉಳಿದ ದ್ರವ ಗಾಢವಾಗುತ್ತಾ ಅದರ ಘನೀಕರಣ ಬಿಂದು ಇನ್ನಷ್ಟು ಇಳಿಯುತ್ತದೆ. ನೀವು ಬೆರೆಸಿದ ಉಪ್ಪುಮಂಜಿನ ಪಾತ್ರೆಯ ತಳದಲ್ಲಿ ನಿಂತಿರುವ ದ್ರವವೂ ಇದೇ ನಿಯಮಕ್ಕೆ ಒಳಪಟ್ಟಿದೆ: ಅಡುಗೆ ಉಪ್ಪಿನ ದ್ರಾವಣ ಪೂರ್ತಿ ಗಟ್ಟಿಯಾಗಲು ತಾಪ ಸುಮಾರು −21 ಡಿಗ್ರಿಗೆ ಇಳಿಯಬೇಕು.

ಮೂರನೆಯದು ಪ್ರೋಟೀನಿನ ಮೈಗೆ ಅಂಟಿಕೊಂಡ ನೀರು. ಪ್ರತಿ ಗ್ರಾಂ ಪ್ರೋಟೀನಿನ ಸುತ್ತ 0.3ರಿಂದ 0.4 ಗ್ರಾಂನಷ್ಟು ನೀರಿಗೆ ಮಂಜಿನ ಜೋಡಣೆಗೆ ಹೊಂದಿಕೊಳ್ಳಲು ಅವಕಾಶವೇ ಸಿಗುವುದಿಲ್ಲ. ಇದನ್ನು ‘ಬಂಧಿತ ನೀರು’ ಎಂದು ಕರೆಯುವುದು ರೂಢಿಯಾದರೂ ನನಗೆ ಆ ಹೆಸರು ಒಪ್ಪಿಗೆಯಿಲ್ಲ. ಆ ಅಣುಗಳು ಮೊಳೆ ಹೊಡೆದಂತೆ ಕೂತಿರುವುದಿಲ್ಲ, ಸುತ್ತಲಿನ ನೀರಿನೊಡನೆ ಕ್ಷಣಕ್ಷಣವೂ ಜಾಗ ಬದಲಿಸುತ್ತಿರುತ್ತವೆ. 100 ಗ್ರಾಂ ಬಿಳಿಲೋಳೆಯಲ್ಲಿ ಇಂಥ ನೀರು ಮೂರು-ನಾಲ್ಕು ಗ್ರಾಂ ಇರುತ್ತದೆಯಷ್ಟೆ, ಥರ್ಮಾಮೀಟರಿಗೆ ಅದು ಸಿಗದು.

ಬಟಾಣಿಯಲ್ಲಿ ಅದರ ಪರಿಣಾಮವನ್ನು ಕಾಣಬಹುದು. ಬೇಳೆಯಾಗಿ ಒಡೆದ ಕಾಳೂ ಬೇಯಿಸಿ ಶೈತ್ಯೀಕರಿಸಿದ ಪೊಟ್ಟಣದ ಕಾಳೂ ಕೆಲಸಕ್ಕೆ ಬಾರವು. ಹತ್ತು ಒಣ ಕಾಳುಗಳನ್ನು ಬಿಗಿ ಮುಚ್ಚಳದ ಸೀಸೆಯಲ್ಲಿಯೂ, ರಾತ್ರಿಯಿಡೀ ನೆನೆಸಿದ ಹತ್ತು ಕಾಳುಗಳನ್ನು ಇನ್ನೊಂದರಲ್ಲಿಯೂ ಒಂದು ದಿನ ಫ್ರೀಜರಿನಲ್ಲಿಡಿ; ನೆನೆಸಿದ ಇನ್ನೂ ಹತ್ತನ್ನು ಹೋಲಿಕೆಗೆಂದು ಹೊರಗೇ ಬಿಡಿ. ಒಣ ಕಾಳಿನಲ್ಲಿರುವ ಅಲ್ಪ ನೀರು ಮಂಜಾಗದೆ ಗಾಜಿನಂತೆ ಬಿಗಿದು ನಿಲ್ಲುವುದರಿಂದ ಕಾಳು ಬದುಕುತ್ತದೆ, ನೆನೆದ ಕಾಳಿನ ಜೀವಕೋಶಗಳನ್ನು ಹರಳುಗಳು ಹರಿದುಹಾಕುತ್ತವೆ. 2008ರಲ್ಲಿ ಆರಂಭವಾದ ನಾರ್ವೆಯ ಸ್ವಾಲ್ಬಾರ್ಡ್ ಬೀಜಭಂಡಾರದಲ್ಲಿ ಬೀಜಗಳನ್ನು ಒಣಗಿಸಿಯೇ −18 ಡಿಗ್ರಿಯಲ್ಲಿ ಇಡುತ್ತಾರೆ. ಸೀಸೆಯನ್ನು ಹೊರಗೆ ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ, ತಣ್ಣನೆಯ ಕಾಳಿನ ಮೇಲೆ ಗಾಳಿಯ ತೇವ ಕೂರುತ್ತದೆ. ಕೋಣೆಯ ತಾಪಕ್ಕೆ ಬಂದ ಮೇಲೆ ಒಣ ಕಾಳುಗಳನ್ನು ನೆನೆಸಿ, ಮೂರೂ ಗುಂಪುಗಳನ್ನು ಒದ್ದೆ ಬಟ್ಟೆಯಲ್ಲಿ ಬೇರೆ ಬೇರೆಯಾಗಿ ಕಟ್ಟಿ, ನಾಲ್ಕೈದು ದಿನ ಕಳೆದ ಮೇಲೆ ಮೊಳಕೆಗಳನ್ನು ಎಣಿಸಿ.